ಹೊಸ ಹಡಗು ಯುದ್ಧಕ್ಕೆ ಹೋಗುವುದಿಲ್ಲ ಎಂದೆ

ಗಡಿಯಲ್ಲಿ ಗುಂಡು ಹಾರಿದ ಸುದ್ದಿ ಬಂದ ಮೇಲೆ ನನ್ನ ಹೆಂಡತಿ ಟಿ.ವಿ. ಮುಂದಿನಿಂದ ಏಳಲಿಲ್ಲ. ನಮ್ಮ ಮಗ ನೌಕಾಪಡೆಯಲ್ಲಿ ಇಂಜಿನ್ ನೋಡಿಕೊಳ್ಳುವವನು. ಅವನಿದ್ದ ಹಡಗು ಆಗಷ್ಟೇ ಸೇವೆಗೆ ಸೇರಿತ್ತು. ಫೋನು ಹತ್ತುತ್ತಿರಲಿಲ್ಲ.

“ಹೊಸಾ ಹಡಗು ಯುದ್ಧಕ್ಕ ಹೋಗಾಂಗಿಲ್ಲ. ಉಣ್ಣು,” ಎಂದೆ.

“ನೀವ್ಯಾವಾಗ ಹಡಗು ಕಟ್ಟೀರಿ?”

ನಾನು ಕಟ್ಟಿದ್ದು ಲಾರಿ ಇಂಜಿನ್ನು. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಸ್ಪ್ಯಾನರು ಹಿಡಿದವನು, ಶಿರಸಿಯಲ್ಲಿ ಸ್ವಂತ ಗ್ಯಾರೇಜು ಮಾಡಿಕೊಂಡೆ. ಸಿಲಿಂಡರು ಬೋರು ಮಾಡಿ ಹೊಸದಾಗಿ ಜೋಡಿಸಿದ ಇಂಜಿನ್ನನ್ನು ನೇರ ಘಟ್ಟಕ್ಕೆ ಬಿಡುವವನಲ್ಲ ನಾನು. ಮೊದಲು ಖಾಲಿ ಗಾಡಿ, ಬನವಾಸಿ ಕಡೆಯ ಸಪಾಟು ರಸ್ತೆ. ಆಮೇಲೆ ಅರ್ಧ ಲೋಡು. ಮಾಲೀಕ ಎಷ್ಟೇ ಗಡಿಬಿಡಿ ಮಾಡಲಿ, ಕೀಲಿಕೈ ನನ್ನ ಕಿಸೆಯಲ್ಲೇ.

ಹಡಗಿನದೂ ಹಾಗೇ ಎಂದು ರಜೆಗೆ ಬಂದಾಗ ಮಗ ಹೇಳಿದ್ದ. ಬಾವುಟ ಏರಿಸಿದ ಮಾತ್ರಕ್ಕೆ ಹಡಗು ಸಿದ್ಧವಲ್ಲ. ಬೆಂಕಿ ಬಿದ್ದರೆ ಯಾರು ಎತ್ತ ಓಡಬೇಕು, ನೀರು ನುಗ್ಗಿದರೆ ಯಾವ ಬಾಗಿಲು ಮುಚ್ಚಬೇಕು, ತೋಪು ಗುರಿ ಹಿಡಿಯುತ್ತದೋ ಇಲ್ಲವೋ, ಎಲ್ಲವನ್ನೂ ತಿಂಗಳುಗಟ್ಟಲೆ ಮಾಡಿ ತೋರಿಸಬೇಕು. ಮೇಲಿನವರು ಒಪ್ಪಿದ ಮೇಲೇ ಯುದ್ಧದ ಮಾತು.

ಇದನ್ನೇ ಗ್ಯಾರೇಜಿಗೆ ಬಂದವರಿಗೆಲ್ಲ ಹೇಳಿದೆ. ಯಲ್ಲಾಪುರದ ಗಿರಾಕಿಯೊಬ್ಬರು ನಕ್ಕರು.

“ಹಂಗಾರೆ ಯುದ್ಧಕ್ಕೇ ಹೇಳ್ಬೇಕು ಮಾರಾಯಾ, ನಿಮ್ಮ ಹಡಗು ತಯಾರಾಗೋವರೆಗೆ ಸ್ವಲ್ಪ ತಡ್ಕೋ ಅಂತ.”

ನನಗೆ ನಗು ಬರಲಿಲ್ಲ. ಅವರ ಜೀಪಿನ ನಟ್ಟು ಬಿಗಿಯುವಾಗ ಬಲ ಹೆಚ್ಚಾಗಿ ಬೋಲ್ಟೇ ತುಂಡಾಯಿತು. ನನ್ನ ಕೈಯಲ್ಲಿ ಹಿಂದೆಂದೂ ಹಾಗಾಗಿರಲಿಲ್ಲ.

ಮರುದಿನ ಮಧ್ಯಾಹ್ನ ಮಗನ ಫೋನು ಬಂತು. ಹೆಂಡತಿ ಗ್ಯಾರೇಜಿಗೆ ಬುತ್ತಿ ತಂದು ಪಕ್ಕದಲ್ಲೇ ನಿಂತಿದ್ದಳು.

“ಯಪ್ಪಾ, ಅರಾಮದೀನಿ. ನಮ್ಮ ಹಡಗು ಬಂದರದಾಗ ಐತಿ.”

“ನಾ ಹೇಳಿದ್ದಿಲ್ಲ?” ಎಂದು ಅವಳತ್ತ ನೋಡಿದೆ.

“ಹಡಗು ಐತಿ, ನಾ ಇರಾಂಗಿಲ್ಲ. ಹೊಂಟಿರೋ ಹಳೇ ಹಡಗಿನ್ಯಾಗ ಇಂಜಿನ್ ಮಂದಿ ಕಡಿಮಿ ಬಿದ್ದಾರ. ನನ್ನ ಅದಕ್ಕ ಹಾಕ್ಯಾರ. ಇನ್ನ ಫೋನ್ ಹತ್ತೂದಿಲ್ಲ. ಅವ್ವಗ ನೀನ ಹೇಳು.”

ಫೋನು ಕಟ್ಟಾಯಿತು. ನಾನು ಹಡಗಿನ ಲೆಕ್ಕ ಹಾಕಿದ್ದೆ. ಮಗ ಪಳಗಿದ ಕೆಲಸಗಾರ ಎಂಬುದನ್ನು ಅದರಲ್ಲಿ ಹಿಡಿದಿರಲಿಲ್ಲ. ಶಾಲೆಗೆ ರಜೆ ಬಂದಾಗೆಲ್ಲ ಇದೇ ಗ್ಯಾರೇಜಿನಲ್ಲಿ ಅವನಿಗೆ ಇಂಜಿನ್ ಕಲಿಸಿದವನು ನಾನೇ.

“ಏನಂದಾ?” ಎಂದಳು.

“ಬ್ಯಾರೆ ಹಡಗಿಗೆ ಹಾಕ್ಯಾರಂತ. ಹಳೇದು. ಹೊಂಟಾನ.”

ಅವಳು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಕಿವಿಗೆ ಹಿಡಿದಳು. ಕೆಳಗಿಟ್ಟಳು.

“ಹಳೇ ಹಡಗು ಗಟ್ಟಿ ಇರ್ತಾವೇನ್ರಿ?”

“ನಂಗ ಗೊತ್ತಿಲ್ಲ,” ಎಂದೆ.

ಅವಳು ಬಿದ್ದಿದ್ದ ಟೈರಿನ ಮೇಲೆ ಕೂತಳು. ನಾನೂ ಕೂತೆ. ಬುತ್ತಿ ಬಿಚ್ಚಲಿಲ್ಲ.