ಬಾಹ್ಯಾಕಾಶದ ಪ್ರೇಮಕ್ಕೆ ನನ್ನ ಖಂಡನೆ

ಮಿತ್ರರೇ, ಇಂದು ನಮ್ಮೂರ ದಂಡುಪ್ರದೇಶವಾದ ಕ್ಯಾಂಪಿನ ಚಿತ್ರಮಂದಿರದಲ್ಲಿ, ತೀರಿಹೋದ ನನ್ನ ಮಗನ ಹೆಂಡತಿಯೊಡನೆ ಬಾಹ್ಯಾಕಾಶದ ಪ್ರೇಮಕಥೆಯೊಂದನ್ನು ನೋಡಿದೆ. ಗಗನಯಾತ್ರಿ ನಾಯಕ ಮರಳಲಾರನೆಂದು ತಿಳಿದ ಮೇಲೆ ನಾಯಕಿ ಇನ್ನೊಬ್ಬನನ್ನು ಮದುವೆಯಾಗುತ್ತಾಳೆ. ನೌಕೆಯಿಂದ ಅವನು ವಿದಾಯ ಹೇಳಿದಾಗ ನಾನು ಅತ್ತುಬಿಟ್ಟೆ. ಅದನ್ನು ಮರೆಮಾಚಲು, ಹೊರಗೆ ಚಹಾ ಕುಡಿಯುತ್ತ, ಕಾಲೇಜಿನ ಚರ್ಚಾಸ್ಪರ್ಧೆಯ ಧಾಟಿಯಲ್ಲಿ ಖಂಡನೆಗಿಳಿದೆ: "ಒಂದು, ನಿರ್ವಾತದಾಗ ಹಾಡು ಕೇಳಂಗಿಲ್ಲ. ಎರಡು, ಖರೇ ಪ್ರೀತಿ ಇದ್ದಾಕಿ ಕಾಯ್ತಿದ್ಳು."

ಸೊಸೆ ಲೋಟ ಕೆಳಗಿಟ್ಟಳು. "ಅಂವಾ ಬರಂಗಿಲ್ಲಂತ ಗೊತ್ತಾದ ಮ್ಯಾಲೂ ಕಾಯಬೇಕೇನ್ರಿ ಮಾವಾರ? ಹಂಗಾರ ನಾಳೆ ನನ್ನ ನೋಡಾಕ ಬರೋರಿಗೆ ಬ್ಯಾಡ ಅನ್ಲ್ಯಾ?"

ಅವರನ್ನು ಒತ್ತಾಯಿಸಿ ಕರೆಸಿದವನು ನಾನೇ. ನಾಚಿಕೆಯಿಂದ ಕುಗ್ಗಿ, "ಬರ್ಲಿ ಬಿಡವ್ವಾ, ನಂದ ತಪ್ಪಾತು" ಎಂದೆ.

ನಾಳೆ ಅತಿಥಿಗಳಿಗೆ ಅವಲಕ್ಕಿ ಪೋಹೆಯ ತಟ್ಟೆ ಕೊಡುವುದಷ್ಟೇ ನನ್ನ ಕೆಲಸ. ಮಾತನ್ನು ಹೆಂಡತಿಗೆ ವಹಿಸಿದ್ದೇನೆ.