ಹಬೀಬ್ತಿ ಭರಮಣ್ಣ

ಭರಮಣ್ಣನಿಗೆ ಅರಬ್ಬಿ ಕಲಿಸಿದ್ದು ಒಂದು ಹಳೆಯ ಉರ್ದು ಸಿನಿಮಾ. ನವಾಬನ ಮಗಳನ್ನು ಪ್ರೀತಿಸಿದ ಟಾಂಗಾವಾಲಾನ ಕಥೆ. ನಮ್ಮ ದೇಶದಲ್ಲಿ ಮಕಾಡೆ ಮಲಗಿದ ಆ ಚಿತ್ರ, ಅರಬ್ಬಿ ಮಾತು ಹಾಕಿಸಿಕೊಂಡು ಕಡಲು ದಾಟಿದ್ದೇ ತಡ, ಗಲ್ಫ್ ಜನರನ್ನು ಅಳಿಸಿ ಗೆದ್ದಿತು. ಇಲ್ಲಿ ಕುವೈತಿನ ಟಿವಿಯಲ್ಲಿ ಈಗಲೂ ಬರುತ್ತದೆ.

ವಿಜಯಪುರದಲ್ಲಿ ಅದರ ಕ್ಯಾಸೆಟ್ ನೋಡಿ ನೋಡಿ ಉರ್ದುವಿನಲ್ಲಿ ಬಾಯಿಪಾಠ ಮಾಡಿಕೊಂಡಿದ್ದ ಭರಮಣ್ಣ, ಎಸಿ ಮೆಕ್ಯಾನಿಕ್ ಆಗಿ ಇಲ್ಲಿಗೆ ಬಂದ ಮೇಲೆ ಅವೇ ಮಾತುಗಳನ್ನು ಅರಬ್ಬಿಯಲ್ಲಿ ಕಲಿತ. ಎಡವಟ್ಟಾಗಿದ್ದು ಅಲ್ಲೇ. ಹೀರೋ ಮಾತಾಡುವುದೆಲ್ಲ ಹೀರೋಯಿನ್ ಜೊತೆ. ಹೀಗಾಗಿ ಗಂಡಸರಿಗೆ 'ಹಬೀಬಿ' ಅನ್ನಬೇಕಾದಲ್ಲೂ ನಮ್ಮವನದು ಹೆಂಗಸರಿಗೆ ಅನ್ನುವ 'ಹಬೀಬ್ತಿ'ಯೇ. ಮೀಸೆ ಹೊತ್ತವರಿಗೆಲ್ಲ 'ಬಾರವ್ವ, ನನ್ನ ಚಿನ್ನ' ಅಂದ ಹಾಗೆ. ಜನ ನಗುತ್ತಿದ್ದರು, ಚಹಾ ಕೊಡುತ್ತಿದ್ದರು, ಮುಂದಿನ ಸಲವೂ ಇವನನ್ನೇ ಕಳಿಸಿ ಅನ್ನುತ್ತಿದ್ದರು. ಕಂಪನಿಯ ವ್ಯಾನ್ ಓಡಿಸುವ ನಾನು, ಮಂಗಳೂರಿನ ಆಲ್ರೊಯ್, ಇದನ್ನೆಲ್ಲ ಕಣ್ಣಾರೆ ಕಂಡವನು.

ಸಾಲ್ಮಿಯಾ ಬಡಾವಣೆಯ ಒಬ್ಬ ಮನೆ ಯಜಮಾನ ಮಾತ್ರ ನಗಲಿಲ್ಲ. ಸ್ನೇಹಿತರ ಮುಂದೆ ತನ್ನನ್ನು ಹೆಣ್ಣು ಮಾಡಿದನೆಂದು ದೂರು ಕೊಟ್ಟ. ನಮ್ಮ ಮ್ಯಾನೇಜರ್, ಮೈಸೂರಿನ ಪ್ರೀತಮ್, ಖಡಾಖಂಡಿತವಾಗಿ ಹೇಳಿದರು: "ಹೋಗಿ ಕ್ಷಮೆ ಕೇಳಿ. ಇಲ್ಲಾಂದ್ರೆ ನಾಳೆಯಿಂದ ಗೋಡೌನ್." ಗೋಡೌನ್ ಅಂದರೆ ಡಬ್ಬ ಎತ್ತಿಡುವ ಕೆಲಸ. ನಾಲ್ಕು ಮನೆ ಹೊಕ್ಕು ಮಾತಾಡದಿದ್ದರೆ ಊಟ ಸೇರದ ಭರಮಣ್ಣನಿಗೆ ಅದು ಜೈಲೇ ಸರಿ.

ಮೂವರೂ ಹೊರಟೆವು. ವ್ಯಾನಿನಲ್ಲಿ ಪ್ರೀತಮ್ ಹೇಳಿಕೊಟ್ಟರು, "ಆಸಿಫ್ ಅನ್ನಿ, ಸಾಕು. ಕ್ಷಮಿಸಿ ಅಂತ ಅರ್ಥ."

"ಆ ಶಬ್ದ ನನಗ ಬರೂದಿಲ್ರಿ ಸರ್. ನಮ್ಮ ಹೀರೋ ಒಮ್ಮೆನೂ ಅಂದಿಲ್ಲ."

"ತಮಾಷೆ ಬೇಡ ಭರಮಣ್ಣ. ಗಂಡಸನ್ನ ಹೆಣ್ಣು ಅಂದ್ರೆ ಅವಮಾನ ಅಲ್ವಾ?"

"ಯಾಕ್ರಿ? ನಾ ಫೋನಿನ್ಯಾಗ ನನ್ನ ಮಗಳಿಗೆ 'ಊಟ ಆತೇನೋ ಅಪ್ಪಾ' ಅಂತ ಕೇಳ್ತೀನಿ. ಗಂಡು ಮಾಡಿದ್ರು ಅಂತ ಆಕಿ ಎಲ್ಲೂ ಕಂಪ್ಲೇಂಟ್ ಕೊಟ್ಟಿಲ್ಲ. ಹೆಣ್ಣಂದ್ರ ಇವರಿಗೆ ಅಷ್ಟ್ಯಾಕ ಚುಚ್ಚತೈತಿ? ನಮ್ಮವ್ವ ಹೆಣ್ಣು, ನನ್ನ ಹೇಣ್ತಿ ನೀಲವ್ವ ಹೆಣ್ಣು. ಹೆಣ್ಣಂದಿದ್ದು ತಪ್ಪು ಅಂತ ಒಪ್ಪಿಕೊಂಡ್ರ ನಾಳೆ ಮಗಳಿಗೆ ಯಾವ ಮಾರಿ ತೋರಸ್ಲಿ?"

ನನಗಂತೂ ಸ್ಟೇರಿಂಗ್ ಬಿಟ್ಟು ಚಪ್ಪಾಳೆ ತಟ್ಟಬೇಕೆನಿಸಿತು.

ಯಜಮಾನ ಬಾಗಿಲಲ್ಲೇ ಕೈ ಕಟ್ಟಿ ನಿಂತು ಕಾದ. ಭರಮಣ್ಣ ತುಟಿ ಬಿಚ್ಚಲಿಲ್ಲ. ಕೊನೆಗೆ ಪ್ರೀತಮ್ ಬೆವರು ಒರೆಸಿಕೊಂಡು, "ಹಿ ಈಸ್ ಸಾರಿ, ಸರ್" ಅಂದರು. ಯಜಮಾನ ಗತ್ತಿನಿಂದ ತಲೆಯಾಡಿಸಿದ. ಅಲ್ಲಿಗೆ ಖಲಾಸ್, ಕೆಲಸ ಉಳಿಯಿತು ಅಂದುಕೊಂಡೆ.

ಭರಮಣ್ಣನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಆ ಪದ ಗೊತ್ತಿತ್ತು.

"ನೋ ಸಾರಿ," ಅಂದ, ಯಜಮಾನನ ಕಣ್ಣನ್ನೇ ನೋಡುತ್ತ. ಆಮೇಲೆ ನನ್ನ ಕಡೆ ತಿರುಗಿದ.

"ನಡಿ ಆಲ್ರೊಯ್, ಗೋಡೌನಿಗೆ ಬಿಡು ನನ್ನ."