ಹೊಸ್ತಿಲ ಮೇಲಿನ ಚಕ್ರ

ಹೊಸ ಸೈಕಲನ್ನು ಅಕ್ಕಿಮೂಟೆಗಳ ಅಡಿಗೆ ತುರುಕಿ ಬೆಳ್ಳಾರೆಗೆ ತಂದವರು ಬಸ್ಸಿನವರು. ಅದರ ಸೊಟ್ಟಾದ ಚಕ್ರದಿಂದ ಕಷ್ಟಕ್ಕೆ ಬಿದ್ದವರು ಸೈಕಲಿನ ಒಡತಿ, ನಮ್ಮ ನೆರೆಮನೆಯ ದಾದಿ, ಮತ್ತು ಹೆರಿಗೆಗೆಂದು ಕಾಣಿಯೂರಿನಲ್ಲಿ ಅವರನ್ನೇ ಕಾಯುತ್ತಿದ್ದ ಗರ್ಭಿಣಿ.

"ಅದಕ್ಕೆಂತ ಈಗ!" ಎಂಬುದು ದಾದಿಯ ಮಾತು. ಚಕ್ರ ಕಳಚಿ, ಹೊಸ್ತಿಲ ಮೇಲೆ ಅಡ್ಡ ಮಲಗಿಸಿ, ಉಬ್ಬಿದ ಅಂಚನ್ನು ಹತ್ತಿ ನಿಂತರು.

"ಹೊಸ್ತಿಲು ಮೆಟ್ಟುದಾ ಮಾರಾಯ್ತಿ?" ನನ್ನ ಅಜ್ಜಿ ಕಿರುಚಿದರು.

"ಅದಕ್ಕೆಂತ ಈಗ! ನಾನು ಮೆಟ್ಟಿದ್ದು ಚಕ್ರವನ್ನು. ನನ್ನ ಭಾರ ಸಾಲುದಿಲ್ಲ, ನೀವೂ ಹತ್ತಿ ಅಜ್ಜಿ!"

ಅಜ್ಜಿ ಸೆರಗು ಬಿಗಿದು ಹತ್ತಿಯೇಬಿಟ್ಟರು. ಹೆಗಲು ಹಿಡಿದು ಇಬ್ಬರೂ ಕುಣಿದರು. ನಕ್ಕು ನಕ್ಕು ಉಸಿರು ಕಟ್ಟುವಷ್ಟರಲ್ಲಿ ಚಕ್ರ ನೆಟ್ಟಗಾಯಿತು. ದಾದಿ ಅದನ್ನು ಸೈಕಲಿಗೆ ಜೋಡಿಸಿ, ಗಂಟೆ ಬಾರಿಸುತ್ತ ಕಾಣಿಯೂರಿಗೆ ಹಾರಿದರು. ಮಗು ಅವರ ಕೈಗೇ ಬಂತು.

ಬಸ್ಸಿನ ಮಾಲೀಕರೇ, ಆ ದಾದಿಗೆ ಹೊಸ ಚಕ್ರವನ್ನೂ ಲಿಖಿತ ಕ್ಷಮಾಪಣೆಯನ್ನೂ ಕೊಡಿ. ಚಕ್ರವನ್ನು ಬಸ್ಸಿನಲ್ಲಿ ಕಳಿಸಬೇಡಿ. ನಿಮ್ಮ ಹೆಗಲ ಮೇಲೆ ಹೊತ್ತು ತನ್ನಿ.